ಡಬ್ಬಿ ಹೇಳಿದ್ದು 38, ಲಾಳಿಕೆ ಹೇಳಿದ್ದು 35

ಕೃತ್ತಿಕೆ ಮಳೆ, ಮೇ ಮೂರನೇ ವಾರ

ಹಲಸಿನ ಹಪ್ಪಳ ಮಾಡುವ ದಿನ. ಅಂಗಳದ ತುಂಬ ಚಾಪೆ, ಚಾಪೆ ತುಂಬ ಹಪ್ಪಳ. ಮಧ್ಯಾಹ್ನ ಮೂರಕ್ಕೆ ಗುಡುಗು ಶುರುವಾಯಿತು. ಎಲ್ಲರೂ ಓಡಿದೆವು, ಆದರೂ ಅರ್ಧ ಹಪ್ಪಳ ನೆಂದು ಮುದ್ದೆಯಾದವು. ಒಳಗೆ ಬಂದು ತಲೆ ಒರೆಸಿಕೊಳ್ಳುವಾಗ ನಮ್ಮತ್ತೆ ಹೇಳಿದರು, "ಕೃತ್ತಿಕೆಲಿ ಇಷ್ಟು ಮಳೆ ನಾ ಕಂಡಿದ್ದಿಲ್ಲೆ."

"ಇಷ್ಟು ಅಂದ್ರೆ ಎಷ್ಟು?" ಎಂದಳು ಮಗಳು.

ಅತ್ತೆ ಎರಡೂ ಕೈ ಅಗಲಿಸಿ ತೋರಿಸಿದರು. ಮಗಳಿಗೆ ಅದು ಸಾಕಾಗಲಿಲ್ಲ.

ನಮ್ಮ ಮನೆ ಇರುವುದು ಶಿರಸಿಯಿಂದ ಪಶ್ಚಿಮಕ್ಕೆ, ಘಟ್ಟದ ಅಂಚಿನ ಕಡೆ. ಅಡಿಕೆ ತೋಟ, ಒಂದಿಷ್ಟು ಗದ್ದೆ, ಹಿಂದೆ ಸೊಪ್ಪಿನ ಬೆಟ್ಟ. ಮನೆಯಲ್ಲಿ ಹನ್ನೊಂದರ ಕೂಸು ಅಂದರೆ ಮಗಳು, ಏಳರ ಮಾಣಿ ಅಂದರೆ ಮಗ. ಇಬ್ಬರೂ ಶಾಲೆಗೆ ಹೋಗುವುದಿಲ್ಲ, ಮನೆಯಲ್ಲೇ ಕಲಿಯುತ್ತಾರೆ. ಮದುವೆ ಮನೆಗಳಲ್ಲಿ ಎಲೆ ಹಾಕುವ ಮೊದಲೇ ಇದರ ವಿಚಾರಣೆ ಮುಗಿದಿರುತ್ತದೆ, ಹಾಗಾಗಿ ಇಲ್ಲಿ ಚುಟುಕಾಗಿ ಹೇಳುತ್ತೇನೆ. ಹದಿನಾಲ್ಕು ತುಂಬಿದ ಮೇಲೆ ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆಯ ಹತ್ತನೇ ತರಗತಿ ಪರೀಕ್ಷೆ ಬರೆಯಬಹುದು. ಅಲ್ಲಿಯವರೆಗೆ ನಮ್ಮ ಪಾಠಗಳು ಹೀಗೆ ನೆಂದ ಹಪ್ಪಳದಿಂದಲೇ ಶುರುವಾಗುತ್ತವೆ.

ಅವತ್ತೇ ಸಂಜೆ ಮೊದಲ ಮಳೆಮಾಪಕ ತಯಾರಾಯಿತು. ಎರಡು ಲೀಟರಿನ ತಂಪುಪಾನೀಯದ ಬಾಟ್ಲಿ, ಭುಜದ ಹತ್ತಿರ ಕತ್ತರಿಸಿ, ಮೇಲಿನ ತುಂಡನ್ನು ತಲೆಕೆಳಗಾಗಿ ಇಟ್ಟಿದ್ದು. ಎಲ್ಲ ಪುಸ್ತಕದಲ್ಲೂ ಇದೇ ಇರುತ್ತದೆ, ಅಲ್ವಾ? ಮಾಡಿ ನೋಡಿದರೆ ಕಷ್ಟ ಗೊತ್ತಾಗುತ್ತದೆ. ಆ ಬಾಟ್ಲಿಗೆ ಕೆಳಗೆ ಐದು ಕಾಲು, ನಡುವೆ ಸೊಂಟ. ಹೊರಗೆ ಸ್ಕೇಲ್ ಅಂಟಿಸಿದರೆ ಒಂದೊಂದು ಕಡೆ ಒಂದೊಂದು ಲೆಕ್ಕ. ತಳಕ್ಕೆ ಕಲ್ಲು ತುಂಬಿ, ನೀರು ಹಾಕಿ ಸೊನ್ನೆ ಗೆರೆ ಎಳೆದೆವು. ಬಿಸಿಲಿಗೆ ಆ ನೀರೂ ಆರಿ ಸೊನ್ನೆ ಕೆಳಗಿಳಿಯಿತು. ನಾಲ್ಕನೇ ದಿನ ಗಾಳಿಗೆ ಹಾರಿ ಹೋಗಿ ಗೊಬ್ಬರದ ಗುಂಡಿಯಲ್ಲಿ ಸಿಕ್ಕಿತು.

ರೋಹಿಣಿ ಮಳೆ, ಮೇ ಕೊನೆ

ಎರಡನೇ ಸಲ ಸ್ವಲ್ಪ ಯೋಚಿಸಿ ಕೂತೆವು. ಮಿಲಿಮೀಟರ್ ಮಳೆ ಅಂದರೆ ಏನು ಅನ್ನುವುದೇ ಮಕ್ಕಳಿಗೆ ಮೊದಲು ತಿಳಿಯಬೇಕಿತ್ತು. ಒಂದು ಚದರ ಮೀಟರ್ ಜಾಗದಲ್ಲಿ ಒಂದು ಲೀಟರ್ ನೀರು ಹರಡಿ ನಿಂತರೆ ಒಂದು ಮಿಲಿಮೀಟರ್. ಜಗುಲಿಯ ಮೇಲೆ ಸೀಮೆಸುಣ್ಣದಲ್ಲಿ ಒಂದು ಮೀಟರಿನ ಚೌಕ ಎಳೆದು, ಲೀಟರ್ ನೀರು ಸುರಿದು ನೋಡಿದರು. ಚೌಕದಲ್ಲಿ ನಿಲ್ಲಲಿಲ್ಲ, ಅತ್ತೆಯ ಕಾಲಬುಡಕ್ಕೆ ಹೋಯಿತು. ಲೆಕ್ಕ ಮಾತ್ರ ತಲೆಯಲ್ಲಿ ನಿಂತಿತು.

ಸಾಮಾನು ಇಷ್ಟು: ಮನೆಗೆ ಬಣ್ಣ ಹೊಡೆಸಿದಾಗ ಉಳಿದ 20 ಲೀಟರಿನ ಬಕೆಟ್, ಮುಚ್ಚಳ ಸಮೇತ. ಶಿರಸಿ ಪೇಟೆಯ ಬಿಡ್ಕಿಬೈಲಿನ ಹತ್ತಿರದ ಅಂಗಡಿಯಿಂದ ತಂದ ಪ್ಲಾಸ್ಟಿಕ್ ಲಾಳಿಕೆ, ಡೀಸೆಲ್ ಹಾಕುವಂಥ ಆಳದ್ದು. ತಟ್ಟೆಯ ಹಾಗೆ ಚಪ್ಪಟೆ ಇರುವ ಲಾಳಿಕೆ ಬೇಡ, ಜೋರು ಮಳೆಗೆ ಹನಿ ಬಿದ್ದದ್ದು ಹೊರಗೆ ಸಿಡಿಯುತ್ತದೆ. ಒಳಗಿಡಲು ಮತ್ತೊಂದು ಎರಡು ಲೀಟರ್ ಬಾಟ್ಲಿ. ತೂತು, ಸಂದು ಮುಚ್ಚಲು ಒಂದು ಪ್ಯಾಕೆಟ್ ಎಂ-ಸೀಲ್ ಅಂಟು. ಇದ್ದದ್ದನ್ನೇ ಜಾಸ್ತಿ ಬಳಸಿದ್ದರಿಂದ ನೂರೈವತ್ತು ರೂಪಾಯಿ ಒಳಗೆ ಆಯಿತು.

ಮುಚ್ಚಳದ ನಡುವೆ ತೂತು ಮಾಡಬೇಕು. ಹಳೆಯ ಮೊಳೆಯನ್ನು ಬಚ್ಚಲ ಒಲೆಯಲ್ಲಿ ಕಾಯಿಸಿ, ಇಕ್ಕಳದಲ್ಲಿ ಹಿಡಿದು, ವೃತ್ತದ ಸುತ್ತ ಚುಕ್ಕಿ ಚುಕ್ಕಿ ತೂತು ಹಾಕಿ, ಆಮೇಲೆ ಚಾಕುವಿನಲ್ಲಿ ಬಿಡಿಸಿಕೊಂಡೆವು. ಮೊಳೆ ಕೆಲಸ ನನ್ನದು, ಚಾಕು ಕೂಸಿನದು, ಬಿದ್ದ ಚೂರು ಆರಿಸುವುದು ಮಾಣಿಯದು. ಲಾಳಿಕೆ ತೂತಿನಲ್ಲಿ ಕೂತ ಮೇಲೆ ಸುತ್ತ ಎಂ-ಸೀಲ್ ಮೆತ್ತಿದೆವು. ಚಪಾತಿ ಹಿಟ್ಟಿನ ಹಾಗೆ ನಾದಿ ಮೆತ್ತುವುದು ಮಾಣಿಗೆ ಬಹಳ ಹಿಡಿಸಿತು. ಬಾಗಿಲ ಚಿಲಕಕ್ಕೂ ಸ್ವಲ್ಪ ಮೆತ್ತಿ ಬಂದ.

ಅಳೆಯುವುದಕ್ಕೆ ಗೆರೆ ಹಾಕಿದ ಗಾಜಿನ ಪಾತ್ರೆ ನಮ್ಮಲ್ಲಿ ಇರಲಿಲ್ಲ. ಅಡುಗೆಮನೆಯಲ್ಲಿ 5 ಕೆಜಿ ತೂಗುವ ಸಣ್ಣ ಡಿಜಿಟಲ್ ತಕ್ಕಡಿ ಇತ್ತು. ಒಂದು ಮಿಲಿಲೀಟರ್ ನೀರು ಅಂದರೆ ಒಂದು ಗ್ರಾಂ. ಹಾಗಾದರೆ ಮಳೆಯನ್ನು ಅಳೆಯುವುದು ಯಾಕೆ, ತೂಗಿದರೆ ಆಯಿತಲ್ಲ! ಇದು ಈ ಇಡೀ ಕೆಲಸದಲ್ಲಿ ನನಗೆ ಹೊಳೆದ ಒಂದೇ ಒಳ್ಳೆಯ ಉಪಾಯ, ಹಾಗಾಗಿ ಸ್ವಲ್ಪ ಜಂಭ ಇದೆ. ಲಾಳಿಕೆಯ ಬಾಯಿ 20 ಸೆಂಟಿಮೀಟರ್. ಕೂಸು ಲೆಕ್ಕ ಮಾಡಿದಳು: ವಿಸ್ತೀರ್ಣ 314 ಚದರ ಸೆಂಟಿಮೀಟರ್. ಒಂದು ಮಿಲಿಮೀಟರ್ ಮಳೆಗೆ 31.4 ಗ್ರಾಂ. ಗ್ರಾಂ ಲೆಕ್ಕವನ್ನು 31.4ರಿಂದ ಭಾಗಿಸಿದರೆ ಮಳೆ. ಬಕೆಟ್ ಮೇಲೆ ಮಾರ್ಕರಿನಲ್ಲಿ ದೊಡ್ಡದಾಗಿ ಬರೆದೂ ಆಯಿತು. (ಆ ಬರಹ ಈಗ ಅಲ್ಲಿಲ್ಲ. ಯಾಕೆ ಅಂತ ಮುಂದೆ ಬರುತ್ತದೆ.)

ಎಲ್ಲಿಡುವುದು ಅನ್ನುವುದಕ್ಕೆ ಒಂದು ದಿನ ಹೋಯಿತು. ಅಡ್ಡ ಇರುವ ಮರ, ಮನೆ ಎಷ್ಟು ಎತ್ತರವೋ ಅದರ ಎರಡು ಪಟ್ಟಾದರೂ ದೂರ ಇಡಬೇಕು. ಅಡಿಕೆ ತೋಟದ ಮನೆಯವರಿಗೆ ಇದು ಹೇಳಿದಷ್ಟು ಸುಲಭ ಅಲ್ಲ. ಅಂಗಳದಲ್ಲಿ ಒಂದು ಕಡೆ ಮಾಡಿನ ನೀರು ಸಿಡಿಯುತ್ತದೆ, ಇನ್ನೊಂದು ಕಡೆ ತೆಂಗು. ಕೊನೆಗೆ ಮನೆ ಕೆಳಗಿನ ಗದ್ದೆಯ ಬದುವೇ ಗಟ್ಟಿ ಎಂದಾಯಿತು. ಅರ್ಧ ಅಡಿ ಗುಂಡಿ ತೋಡಿ, ಬಕೆಟ್ ಇಟ್ಟು, ಸುತ್ತ ಕಲ್ಲು ಬಡಿದು, ನೀರು ತುಂಬಿದ ಬಾಟ್ಲಿ ಅಡ್ಡ ಮಲಗಿಸಿ ಲಾಳಿಕೆಯ ಬಾಯಿ ಮಟ್ಟ ಇದೆಯಾ ಅಂತ ನೋಡಿದೆವು. ಬಾಯಿ ನೆಲದಿಂದ ಒಂದು ಅಡಿ ಎತ್ತರ ಬಂತು. ಅಷ್ಟೇ ಇರಬೇಕು.

ಸಮಯ ಬೆಳಿಗ್ಗೆ ಎಂಟೂವರೆ. ಹವಾಮಾನ ಇಲಾಖೆಯವರು ದೇಶದ ಎಲ್ಲ ಕಡೆ ಮಳೆ ನೋಡುವುದು ಅದೇ ಹೊತ್ತಿಗೆ. ಗ್ರೀನ್‌ವಿಚ್‌ನಲ್ಲಿ ಆಗ ಬೆಳಗಿನ ಜಾವ ಮೂರು ಗಂಟೆ. ನಮ್ಮಲ್ಲಿ ಆಸರಿ ಕುಡಿದು ಲೋಟ ತೊಳೆಯುವ ಹೊತ್ತು.

ಆರಿದ್ರೆ ಮಳೆ, ಜೂನ್ ಕೊನೆ

ಆರಿದ್ರೆ ಮಳೆ ಆರದೆ ಹೊಯ್ಯುತ್ತದೆ ಅನ್ನುತ್ತಾರೆ. ಮೂರನೇ ದಿನ ಬೆಳಿಗ್ಗೆ ಮಾಣಿ ಗದ್ದೆಯಿಂದಲೇ ಕೂಗಿದ, "ಆಯೀ, ಬಾಟ್ಲಿ ತುಂಬಿ ಹೋಜು!" ಬಾಟ್ಲಿ ಕುತ್ತಿಗೆವರೆಗೆ ತುಂಬಿ, ಉಳಿದದ್ದು ಬಕೆಟ್ಟಿಗೆ ಚೆಲ್ಲಿತ್ತು. ನಾವು ಬಕೆಟ್ ಇಟ್ಟದ್ದೇ ಇದಕ್ಕೆ, ಚೆಲ್ಲಿದ್ದನ್ನೂ ತೂಗಿದರಾಯಿತು ಅಂದುಕೊಂಡೆವು. ಆದರೆ ಚೆಲ್ಲಿದ್ದು ತೀರ ಜಾಸ್ತಿ ಅನಿಸಿತು. ಲಾಳಿಕೆಯ ಬಾಯಿಗೆ ಬಟ್ಟೆ ತುರುಕಿ, ಮುಚ್ಚಳದ ಮೇಲೆ ಒಂದು ಚೊಂಬು ನೀರು ಸುರಿದು ನೋಡಿದರೆ ಎಂ-ಸೀಲ್ ಪಕ್ಕದಿಂದ ಒಳಗೆ ತೊಟ್ಟಿಕ್ಕುತ್ತಿದೆ. ಪ್ಲಾಸ್ಟಿಕ್ ನುಣುಪಾಗಿತ್ತು, ಹಿಡಿದುಕೊಂಡಿರಲಿಲ್ಲ. ಮುಚ್ಚಳದ ಮೇಲೆ ಬಿದ್ದ ಮಳೆಯೂ ಲೆಕ್ಕಕ್ಕೆ ಸೇರಿಬಿಟ್ಟಿದೆ.

ಅವತ್ತಿನ ಅಂಕಿಯ ಮುಂದೆ ಪ್ರಶ್ನೆ ಚಿಹ್ನೆ ಹಾಕಿದೆವು. ಅಳಿಸಬೇಡ ಎಂದೆ.

ಎಂ-ಸೀಲ್ ಪೂರ್ತಿ ಕಿತ್ತು, ಆ ಜಾಗವನ್ನು ಉಪ್ಪುಕಾಗದದಿಂದ ಉಜ್ಜಿ ಒರಟು ಮಾಡಿ, ಬಚ್ಚಲ ಒಲೆ ಪಕ್ಕ ಒಣಗಿಸಿ, ಮತ್ತೆ ಮೆತ್ತಿದೆವು. ಈ ಸಲ ಹಿಡಿಯಿತು. ಒಳಗಿನ ಬಾಟ್ಲಿ ಬದಲು 5 ಲೀಟರಿನ ಎಣ್ಣೆ ಕ್ಯಾನ್ ಇಟ್ಟೆವು. ಅದರ ಜಿಡ್ಡು ತೆಗೆಯಲು ಅಂಟುವಾಳಕಾಯಿ ನೊರೆ ಹಾಕಿ ಮೂರು ಸಲ ಕುಲುಕಿದ್ದು ಅತ್ತೆ. ಇಲಾಖೆಯ ಲೆಕ್ಕದಲ್ಲಿ ದಿನಕ್ಕೆ 64.5 ಮಿಲಿಮೀಟರ್ ದಾಟಿದರೆ 'ಭಾರಿ ಮಳೆ'. ನಮ್ಮ ಎರಡು ಲೀಟರ್ ಬಾಟ್ಲಿ ಭಾರಿ ಮಳೆಯ ಹೊಸ್ತಿಲಲ್ಲೇ ಕೈ ಎತ್ತಿತ್ತು. ಘಟ್ಟದ ಅಂಚಿನಲ್ಲಿ ಜುಲೈ ಕಳೆಯಬೇಕಾದರೆ ಅದು ಎಲ್ಲಿ ಸಾಲುತ್ತದೆ.

ಮರುದಿನ ಲಾಳಿಕೆಯಲ್ಲಿ ಒಂದು ಮರಗಪ್ಪೆ ಕೂತಿತ್ತು. ಕೆಳಗೆ ತೂತಿಗೆ ಸರಿಯಾಗಿ ಹೊಟ್ಟೆ ಒತ್ತಿ, ತಲೆ ಮಾತ್ರ ಮೇಲೆ. ಅದರ ಸುತ್ತ ನೀರು ನಿಂತಿತ್ತು. ಮಾಣಿ ಅರ್ಧ ಗಂಟೆ ಅಲ್ಲೇ ಕೂತ, ಎದ್ದಾಗ ಕಾಲಿಗೆ ಎರಡು ಉಂಬಳ (ಜಿಗಣೆ). ಸೊಳ್ಳೆ ಪರದೆ ತುಂಡು ಕಟ್ಟಿದೆವು, ಅದು ಎರಡೇ ದಿನಕ್ಕೆ ಕಸದಿಂದ ಮುಚ್ಚಿಹೋಯಿತು. ಹಳೆಯ ಚಹಾ ಸೋಸುವ ಜಾಲರಿ ಮಗುಚಿ ಇಟ್ಟದ್ದು ಸರಿಯಾಯಿತು.

ಪುನರ್ವಸು, ಜುಲೈ ಮೊದಲ ವಾರ

ಇದು ನಮ್ಮ ದೊಡ್ಡ ತಪ್ಪಿನ ವಾರ.

ಏಳರ ಮಾಣಿಗೆ ಭಾಗಾಕಾರ ಬರುವುದಿಲ್ಲ. ಅಕ್ಕನೇ ದಿನಾ ಲೆಕ್ಕ ಮಾಡುತ್ತಾಳೆ ಅಂತ ಅವನಿಗೆ ಸಿಟ್ಟು. ಅವನು ಅವಲಕ್ಕಿ ಹಾಕಿಡುವ ಸ್ಟೀಲ್ ಡಬ್ಬಿ ಖಾಲಿ ಮಾಡಿಕೊಂಡು ಹೋಗಿ ಬಕೆಟ್ ಪಕ್ಕ ಇಟ್ಟ. ತಳದಿಂದ ಬಾಯಿವರೆಗೆ ಒಂದೇ ಅಗಲ ಇರುವ ಡಬ್ಬಿ. ಬೆಳಿಗ್ಗೆ ಸ್ಕೇಲ್ ಅದ್ದಿ ನೋಡಿದ. "ನಂದು 38."

ಅಕ್ಕನದು 35.

"ನಿಂದು ತಪ್ಪು," ಎಂದಳು ಕೂಸು. ಡಬ್ಬಿಯಿಂದ ಸಿಡಿದು ಹೊರಗೆ ಹೋದರೆ ಕಡಿಮೆ ಬರಬೇಕು, ಜಾಸ್ತಿ ಯಾಕೆ ಬಂತು? ಮೂರು ದಿನ ಇಬ್ಬರೂ ಅಳೆದರು. ಮೂರೂ ದಿನ ಡಬ್ಬಿಯೇ ಮುಂದೆ. ಸುಮ್ನೆ ಮುಂದೆ ಅಲ್ಲ, ಹೆಚ್ಚುಕಡಿಮೆ ಒಂದೇ ಪಾಲಿನಲ್ಲಿ ಮುಂದೆ. ಅಲ್ಲಿಗೆ ನನಗೂ ಅನುಮಾನ ಬಂತು. ತಕ್ಕಡಿ ಕೆಟ್ಟಿದೆಯಾ ಅಂತ ಒಂದು ಕೆಜಿ ಸಕ್ಕರೆ ಪ್ಯಾಕೆಟ್ ಇಟ್ಟು ನೋಡಿದೆ. ಸರಿ ಇತ್ತು.

ಲಾಳಿಕೆಯನ್ನೇ ಮತ್ತೆ ಅಳೆದೆವು. ಬಾಯಿಯ ಸುತ್ತ ಹೊರಕ್ಕೆ ಬಗ್ಗಿದ ದಪ್ಪ ಅಂಚು ಇದೆ. ನಾನು ಮೇ ತಿಂಗಳಲ್ಲಿ ಅಳೆದದ್ದು ಅಂಚಿನ ಹೊರಗಿನಿಂದ ಹೊರಗಿನವರೆಗೆ. ಆ ಅಂಚಿನ ಮೇಲೆ ಬಿದ್ದ ಹನಿ ಹೊರಗೆ ಜಾರುತ್ತದೆ. ಒಳಗಿನ ಅಳತೆ 19.2 ಸೆಂಟಿಮೀಟರ್ ಮಾತ್ರ. ವಿಸ್ತೀರ್ಣ 289.5. ಭಾಗಿಸಬೇಕಾದದ್ದು 31.4ರಿಂದ ಅಲ್ಲ, 28.95ರಿಂದ.

"ಎಂಟು ಮಿಲಿಮೀಟರ್ ತಪ್ಪಿಗೆ ಇಷ್ಟು ವ್ಯತ್ಯಾಸ ಬತ್ತಾ?" ಎಂದಳು ಕೂಸು. ನಾನು ಬಾಯಲ್ಲಿ ಹೇಳಿದರೆ ತಲೆಗೆ ಹೋಗಲಿಲ್ಲ. ಕಾವಲಿ ಮೇಲೆ ತೋರಿಸಿದೆ: ದೋಸೆಯನ್ನು ಅಂಚಿನಲ್ಲಿ ಸ್ವಲ್ಪವೇ ಅಗಲ ಮಾಡಲು ಎಷ್ಟು ಹಿಟ್ಟು ಬೇಕು ನೋಡು. ಅಂಚು ಸುತ್ತಲೂ ಇದೆಯಲ್ಲ. ವ್ಯಾಸದಲ್ಲಿ ನೂರಕ್ಕೆ ನಾಲ್ಕು ತಪ್ಪಿದರೆ, ಮಳೆಯಲ್ಲಿ ನೂರಕ್ಕೆ ಎಂಟೂವರೆ ತಪ್ಪುತ್ತದೆ. ನಲವತ್ತು ದಿನದ ಅಂಕಿಗಳನ್ನೂ 1.085ರಿಂದ ಗುಣಿಸಬೇಕಾಯಿತು. ಕ್ಯಾಲ್ಕ್ಯುಲೇಟರ್ ಕೊಡುತ್ತೇನೆ ಎಂದೆ. ಬೇಡ ಅಂತ ಅವಳೇ ಅಂದಳು, ಹತ್ತು ದಿನದ ಲೆಕ್ಕ ಮಾಡಿದ ಮೇಲೆ ಬಂದು ಇಸಿದುಕೊಂಡು ಹೋದಳು. ಹಳೆ ಅಂಕಿ ಪೆನ್ಸಿಲಿನಲ್ಲಿ, ಹೊಸದು ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ. ಬಕೆಟ್ ಮೇಲಿನ 31.4ನ್ನು ಮಾಣಿ ಸೀಮೆಎಣ್ಣೆ ಬಟ್ಟೆಯಲ್ಲಿ ಉಜ್ಜಿ ತೆಗೆದ. ಅಷ್ಟು ಖುಷಿಯಿಂದ ಅವನು ಯಾವ ಕೆಲಸವನ್ನೂ ಮಾಡಿದ್ದು ನಾನು ನೋಡಿಲ್ಲ.

ಪುಷ್ಯ, ಜುಲೈ ಕೊನೆ

ಒಂದು ಬೆಳಿಗ್ಗೆ ಕ್ಯಾನಿನಲ್ಲಿ 4,140 ಗ್ರಾಂ. 143 ಮಿಲಿಮೀಟರ್. ಈ ವರ್ಷದ ನಮ್ಮ ಅತಿ ಹೆಚ್ಚಿನ ದಿನ ಅದೇ. ಕರೆಂಟ್ ಹೋಗಿ ಎರಡು ದಿನವಾಗಿತ್ತು, ತೋಟದಲ್ಲಿ ಕಪ್ಪು (ನೀರು ಹೋಗುವ ಕಾಲುವೆ) ತುಂಬಿ ಹರಿಯುತ್ತಿತ್ತು. ಮಾಡಿನ ಉದ್ದ ಅಗಲ ಗೊತ್ತಿದ್ದರೆ ಅದರ ಮೇಲೆ ಬಿದ್ದ ನೀರೂ ಗೊತ್ತಾಗುತ್ತದೆ ಅಂತ ಕೂಸಿಗೆ ಹೊಳೆಯಿತು. ಹನ್ನೆರಡು ಮೀಟರ್ ಉದ್ದ, ಒಂಬತ್ತು ಅಗಲ. ಒಂದೇ ದಿನಕ್ಕೆ 15,444 ಲೀಟರ್. ಅವಳಪ್ಪ ಆ ಅಂಕಿ ಕೇಳಿ ಸುಮಾರು ಹೊತ್ತು ಮಾತಾಡಲಿಲ್ಲ. ಏಪ್ರಿಲಿನಲ್ಲಿ ಬಾವಿ ತಳದ ಕೊಡಪಾನ ಎಣಿಸುವವರು ಅವರೇ. ಮಾಡಿನ ನೀರನ್ನು ಬಾವಿಗೆ ತಿರುಗಿಸುವ ಮಾತು ಅವತ್ತು ಶುರುವಾಯಿತು, ಇನ್ನೂ ಮಾತಿನಲ್ಲೇ ಇದೆ.

ಅಡಿಕೆಗೆ ಮದ್ದು ಹೊಡೆಯುವ ತಲೆಬಿಸಿ ಬೇರೆ. ಮೊದಲ ಸಲದ ಬೋರ್ಡೋ ದ್ರಾವಣ ಹೊಡೆಯುವುದು ಮಳೆ ಶುರುವಾಗುವ ಮೊದಲು ಆಗಿತ್ತು. ನೂರು ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ. ನಲವತ್ತು, ನಲವತ್ತೈದು ದಿನಕ್ಕೆ ಎರಡನೇದು ಆಗದಿದ್ದರೆ ಕೊಳೆ ರೋಗ ಹತ್ತುತ್ತದೆ. ಹೊಳವಾಗದೆ, ಅಂದರೆ ಮಳೆ ಬಿಡದೆ, ಮರ ಹತ್ತುವ ಹಾಗಿಲ್ಲ. ಅಡಿಕೆ ಮರ ಹತ್ತುವ ಕೊನೆಗೌಡ ಬಂದು ಜಗುಲಿಯಲ್ಲಿ ಕವಳ (ಎಲೆ ಅಡಿಕೆ) ಹಾಕುತ್ತ ಮಾಣಿಯನ್ನು ಕೇಳಿದ, "ನಿನ್ ಡಬ್ಬ ಎಂತ ಹೇಳ್ತದೆ, ನಾಳೆ ಹತ್ತುದಾ?" ಡಬ್ಬ ನಿನ್ನೆಯದು ಹೇಳುತ್ತದೆ, ನಾಳೆಯದು ಹೇಳುವುದಿಲ್ಲ ಅಂದ ಮಾಣಿ. ಕೊನೆಗೌಡ ಮೋಡ ನೋಡಿ, ನಾಡಿದ್ದು ಬರುತ್ತೇನೆ ಎಂದ. ನಾಡಿದ್ದು ಹೊಳವಾಯಿತು. ಮಾಣಿ ಈಗ ಅವನನ್ನೂ ಪುಸ್ತಕದಲ್ಲಿ ಬರೆದುಕೊಳ್ಳುತ್ತಾನೆ: ಹೇಳಿದ್ದು ಸರಿಯಾದರೆ ಟಿಕ್, ತಪ್ಪಾದರೆ ಗುಣಾಕಾರ ಚಿಹ್ನೆ. ಇದು ಕೊನೆಗೌಡನಿಗೆ ಗೊತ್ತಿಲ್ಲ.

ಮಘೆ ಮಳೆ, ಆಗಸ್ಟ್

ಮಘೆ ಮಳೆ ಬಂದಷ್ಟೂ ಒಳ್ಳೇದು, ಮನೆಮಗ ಉಂಡಷ್ಟೂ ಒಳ್ಳೇದು. ನಾವು ಉಣ್ಣಲು ಹೋದದ್ದು ಕುಮಟೆಗೆ, ನನ್ನ ತವರಿಗೆ. ದೇವಿಮನೆ ಘಟ್ಟ ಇಳಿದು ಮೂರು ದಿನ. ಇಂಥದೇ ಒಂದು ಬಕೆಟ್ಟನ್ನು ಅಲ್ಲಿ ಅಣ್ಣನ ಮನೆಯಲ್ಲೂ ಇಟ್ಟು ಬಂದೆವು. ಬನವಾಸಿ ಕಡೆ ಇರುವ ನಾದಿನಿಯ ಮನೆಗೆ ಜುಲೈಯಲ್ಲೇ ಒಂದು ಹೋಗಿತ್ತು. ಇಬ್ಬರೂ ಫೋನಿನಲ್ಲಿ ಅಂಕಿ ಕಳಿಸುತ್ತಾರೆ. ಒಂದು ದಿನ ನಮ್ಮಲ್ಲಿ 61, ಬನವಾಸಿಯಲ್ಲಿ 14. ತಾಲೂಕು ಒಂದೇ. ಪೂರ್ವಕ್ಕೆ ಹೋದ ಹಾಗೆ ಮಳೆ ಇಳಿಯುತ್ತದೆ ಅಂತ ಎಷ್ಟು ಸಲ ಹೇಳಿದ್ದೆ. ಅತ್ತೆಯ ಒದ್ದೆ ಸೀರೆ ಗಂಟು ಅಲ್ಲಿ ಒಣಗಿ ಬಂದಾಗಲೂ ನಂಬದ ಮಕ್ಕಳು, 14 ನೋಡಿ ನಂಬಿದರು.

ಕುಮಟೆಯಿಂದ ವಾಪಸ್ ಬಂದಾಗ ಜಗಳ. ಕ್ಯಾನಿನಲ್ಲಿ ಮೂರು ದಿನದ ನೀರು, 96 ಮಿಲಿಮೀಟರ್. ಕೂಸು ಮೂರರಿಂದ ಭಾಗಿಸಿ 32, 32, 32 ಅಂತ ಚಂದ ಮಾಡಿ ಬರೆದಿದ್ದಳು. ಮಾಣಿ ಹೇಳಿದ, ಸುಳ್ಳು. ಅಲ್ಲಿದ್ದಾಗ ಫೋನಿನಲ್ಲಿ ಅಜ್ಜಿ ಒಂದು ದಿನ ಮಳೆಯೇ ಇಲ್ಲ, ಹಪ್ಪಳ ಬಿಸಿಲಿಗೆ ಹಾಕಿದ್ದೇನೆ ಅಂದಿದ್ದರಂತೆ. ಕೂಸಿನ ವಾದ, ಒಟ್ಟು ಸರಿ ಇದೆಯಲ್ಲ. ಒಟ್ಟು ಸರಿ ಇದೆ, ದಿನ ಸರಿ ಇಲ್ಲ. ಕೊನೆಗೆ ಎರಡು ದಿನದ ಜಾಗ ಖಾಲಿ ಬಿಟ್ಟು, ಮೂರನೇ ದಿನದ ಮುಂದೆ '96, ಮೂರು ದಿನದ್ದು' ಅಂತ ಬರೆದರು. ಮಳೆ ಬರದ ದಿನ 0 ಬರೆಯಬೇಕು, ನೋಡದ ದಿನ ಖಾಲಿ ಬಿಡಬೇಕು. ಈ ಎರಡೂ ಬೇರೆ ಅಂತ ನನಗೂ ಅಷ್ಟು ಗಟ್ಟಿಯಾಗಿ ಗೊತ್ತಿರಲಿಲ್ಲ, ನಿಜ ಹೇಳಬೇಕೆಂದರೆ.

ಮುಂದಿನ ವಾರಗಳಲ್ಲಿ ಚೌತಿ ಬಂತು, ಚಕ್ಕುಲಿ ಕಂಬಳ ಬಂತು. ಮನೆ ತುಂಬ ಜನ, ಕೈಚಕ್ಕುಲಿ ಸುತ್ತುವವರು ಸುತ್ತುತ್ತ, ಕರಿಯುವವರು ಕರಿಯುತ್ತ. ತಕ್ಕಡಿ ಅಕ್ಕಿಹಿಟ್ಟಿಗೆ ಹೋದದ್ದರಿಂದ ಎರಡು ದಿನ ಮತ್ತೆ ಖಾಲಿ.

ಚಿತ್ತೆಯಿಂದ ಮುಂದೆ

ಅಕ್ಟೋಬರಿನಲ್ಲಿ ಸಂಜೆ ಗುಡುಗಿನ ಮಳೆ ಎರಡು ಮೂರು. ಆಮೇಲೆ ಸಾಲು ಸಾಲು ಸೊನ್ನೆ. ಅಡಿಕೆ ಗೊನೆ ಇಳಿಸುವ ಕೊನೆ ಕೊಯ್ಲು ಶುರುವಾದ ಮೇಲೆ ಮನೆಯಲ್ಲಿ ಯಾರಿಗೂ ಮಳೆ ಬೇಡ, ಅಂಗಳದಲ್ಲಿ ಅಡಿಕೆ ಒಣಗುತ್ತಿರುತ್ತದೆ. ಕೂಸು ನೋಡುವುದು ಬಿಟ್ಟಳು. ಮಾಣಿ ಬಿಡಲಿಲ್ಲ. ಡಿಸೆಂಬರಿನ ಒಂದು ಚಳಿಯ ಬೆಳಿಗ್ಗೆ ಕ್ಯಾನಿನಲ್ಲಿ 3 ಗ್ರಾಂ ಇದೆ ಅಂತ ಓಡಿ ಬಂದ. ಮಳೆ ಬಂದಿಲ್ಲ, ಮೋಡವೂ ಇಲ್ಲ. ಇಬ್ಬನಿ ಲಾಳಿಕೆಗೆ ಹಿಡಿದು ಇಳಿದಿತ್ತು. 0.1 ಮಿಲಿಮೀಟರ್. ಭಾಗಾಕಾರ ಅವನೇ ಮಾಡಿದ, ಬೆರಳು ಮಡಚಿ, 3ನ್ನು 30ರಿಂದ ಭಾಗಿಸಿದರೆ ಸಾಕು ಅಂತ ಅವನೇ ತೀರ್ಮಾನ ಮಾಡಿಕೊಂಡು.

ಫೆಬ್ರವರಿ

ಆಲೆಮನೆಗೆ ಹೋಗಿ ಬಂದ ಮರುದಿನ ನೋಡಿದರೆ ಲಾಳಿಕೆ ಸೀಳಿದೆ. ಬಿಸಿಲಿಗೆ ಪ್ಲಾಸ್ಟಿಕ್ ಹಪ್ಪಳದ ಹಾಗಾಗಿದೆ, ಬೆರಳು ಒತ್ತಿದರೆ ಚೂರು ಬರುತ್ತದೆ. ಎಂ-ಸೀಲ್ ಹಾಕಿ ತೇಪೆ ಮಾಡೋಣ ಎಂದೆ, ಮಕ್ಕಳು ಒಪ್ಪಲಿಲ್ಲ. ಈ ಸಲ ಸ್ಟೀಲಿನದೇ ಬೇಕಂತೆ.

ಪಾತ್ರೆ ಅಂಗಡಿಯಲ್ಲಿ ಮಾಣಿ ಚಡ್ಡಿ ಕಿಸೆಯಿಂದ ಸ್ಕೇಲ್ ತೆಗೆದು ಒಂದೊಂದೇ ಲಾಳಿಕೆ ಅಳೆಯತೊಡಗಿದ. ಅಡ್ಡಕ್ಕೊಂದು, ಉದ್ದಕ್ಕೊಂದು, ಮೂಲೆಗೊಂದು. ಅಂಗಡಿಯವರು, "ಎಣ್ಣೆ ಹಾಕುದಕ್ಕೆ ಎಂತಕ್ಕೋ ಅಷ್ಟು ಅಳತೆ?" ಎಂದರು. "ಮಳೆ ಹಾಕುದಕ್ಕೆ," ಎಂದ. ಅವರು ನನ್ನ ಮುಖ ನೋಡಿದರು, ನಾನು ಕುಕ್ಕರಿನ ರಬ್ಬರ್ ನೋಡುತ್ತ ನಿಂತೆ. ಆರಿಸಿದ್ದು ಬಾಯಿ ಪೂರ್ತಿ ಗುಂಡಗಿದ್ದ ಒಂದು, ಒಳಗಿನ ಅಳತೆ 17.8. ವಿಸ್ತೀರ್ಣ 248.8 ಬರುತ್ತದೆ, ಅಂದರೆ ಮಿಲಿಮೀಟರಿಗೆ 24.9 ಗ್ರಾಂ. 5 ಲೀಟರ್ ಕ್ಯಾನಿಗೆ 200 ಮಿಲಿಮೀಟರ್ ಹಿಡಿಯುತ್ತದೆ. ಹಳೆಯದರಲ್ಲಿ 172 ಮಾತ್ರ ಇತ್ತು. ತಕ್ಕಡಿ 5 ಕೆಜಿಗೇ ನಿಲ್ಲುತ್ತದೆ, ಅಷ್ಟು ಬಂದ ದಿನ ಎರಡು ಸಲ ತೂಗಬೇಕು.

ಹಳೆ ಮುಚ್ಚಳದ ತೂತು ಹೊಸದಕ್ಕೆ ದೊಡ್ಡದಾಯಿತು. ಟಯರ್ ಟ್ಯೂಬಿನ ತುಂಡು ಕತ್ತರಿಸಿ ಅಡಿಗೆ ಕೊಟ್ಟು, ಮೇಲಿಂದ ಎಂ-ಸೀಲ್ ಮೆತ್ತಿ ಬಚ್ಚಲ ಒಲೆ ಪಕ್ಕ ಇಟ್ಟಿದ್ದೇವೆ. ಸ್ಟೀಲಿಗೆ ಉಪ್ಪುಕಾಗದ ಜಾಸ್ತಿ ಉಜ್ಜಬೇಕಾಯಿತು. ನಾಳೆ ಬಟ್ಟೆ ತುರುಕಿ, ಒಂದು ಚೊಂಬು ನೀರು ಸುರಿದು ನೋಡಬೇಕು.